ವಿಲಿಯಂ ಡಾಡ್: ಗಲ್ಲಿಗೇರಿದ ಪಾದ್ರಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲಾರ್ಡ್ ಚೆಸ್ಟರ್‌ಫೀಲ್ಡ್ ಎಂಬ ಕುಲೀನನ ಸಹಿಯನ್ನು ಖೋಟಾ ಮಾಡಿದ್ದಕ್ಕಾಗಿ 1777ರ ಜೂನ್ 27ರಂದು ಲಂಡನ್ನಿನ ಟೈಬರ್ನಿನಲ್ಲಿ ಗಲ್ಲಿಗೇರಿದ ಡಾಕ್ಟರ್ ವಿಲಿಯಂ ಡಾಡ್ ಎಂಬ ಪಾದ್ರಿಯ ಹೆಸರು ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಸಾಮಾನ್ಯವಾಗಿ ಎದುರಾಗುವುದು ನಿಘಂಟುಕಾರ, ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ ಆಡಿದ ಒಂದು ಪ್ರಸಿದ್ಧ ಮಾತಿನ ಅಡಿಟಿಪ್ಪಣಿಯಾಗಿ. ಆ ಮಾತು ನೆನಪಿನಲ್ಲಿ ಉಳಿಯುತ್ತದೆ, ಮನುಷ್ಯ ಮರೆತುಹೋಗುತ್ತಾನೆ. ಆತನ ಬದುಕು, ಅಪರಾಧ ಮತ್ತು ಸಾವಿನ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಡಾಡ್ ಯಾರು? ಆತನ ಹಿನ್ನೆಲೆ ಏನು?

ಇಂಗ್ಲೆಂಡಿನ ಲಿಂಕನ್‌ಷೈರ್ ಪ್ರಾಂತ್ಯದ ಬೋರ್ನ್ ಎಂಬ ಊರಿನಲ್ಲಿ 1729ರ ಮೇ 29ರಂದು ಆತ ಹುಟ್ಟಿದ. ತಂದೆ ಅದೇ ಊರಿನ ಚರ್ಚಿನ ಪಾದ್ರಿ. ಮನೆಯಲ್ಲಿ ಗೌರವಕ್ಕೆ ಕೊರತೆಯಿರಲಿಲ್ಲ, ಹಣಕ್ಕೆ ಇತ್ತು. ಕೇಂಬ್ರಿಜ್‌ನ ಕ್ಲೇರ್ ಹಾಲ್ ಕಾಲೇಜಿಗೆ ಆತ ಸೇರಿದ್ದು ಶುಲ್ಕದಲ್ಲಿ ರಿಯಾಯಿತಿ ಪಡೆಯುವ ಬಡ ವಿದ್ಯಾರ್ಥಿಯಾಗಿ. ಗಣಿತದ ಪರೀಕ್ಷೆಯಲ್ಲಿ ಮೇಲಿನ ಸಾಲಿನಲ್ಲಿ ತೇರ್ಗಡೆಯಾಗಿ ಲಂಡನ್ನಿಗೆ ಬಂದವನು ಬರೆದು ಬದುಕುವ ಆಸೆಯಲ್ಲಿದ್ದ.

1751ರಲ್ಲಿ ಮೇರಿ ಪರ್ಕಿನ್ಸ್ ಎಂಬಾಕೆಯನ್ನು ಮದುವೆಯಾದ. ಆಕೆಯ ಕಡೆಯಿಂದ ಆಸ್ತಿಪಾಸ್ತಿ ಏನೂ ಬರಲಿಲ್ಲ. ಅದೇ ವರ್ಷ ಚರ್ಚಿನ ದೀಕ್ಷೆ ಪಡೆದು ಲಂಡನ್ನಿನ ಅಂಚಿನಲ್ಲಿದ್ದ ವೆಸ್ಟ್ ಹ್ಯಾಮ್‌ನಲ್ಲಿ ಸಹಾಯಕ ಪಾದ್ರಿಯಾದ. ಕೈಯಲ್ಲಿ ಕಾಸಿಲ್ಲದೆ ಆರಂಭವಾದ ಈ ಸಂಸಾರ ಮುಂದೆ ಒಂದು ದಿನವೂ ತನ್ನ ವರಮಾನದ ಮಿತಿಯೊಳಗೆ ನಡೆದಂತೆ ಕಾಣುವುದಿಲ್ಲ.

ಲೇಖಕನಾಗಿ ಆತನ ಸಾಧನೆ ನಿಜಕ್ಕೂ ದೊಡ್ಡದೇ?

ಸ್ವಂತ ಬರವಣಿಗೆಯಲ್ಲಿ ದೊಡ್ಡದಲ್ಲ, ಆಯ್ಕೆಯಲ್ಲಿ ದೊಡ್ಡದು. 1752ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ಷೇಕ್ಸ್‌ಪಿಯರನ ನಾಟಕಗಳಿಂದ ಸೊಗಸಾದ ಭಾಗಗಳನ್ನು ಆರಿಸಿ ‘ಬ್ಯೂಟೀಸ್ ಆಫ್ ಷೇಕ್ಸ್‌ಪಿಯರ್’ ಎಂಬ ಹೆಸರಿನಲ್ಲಿ ಎರಡು ಸಂಪುಟಗಳನ್ನು ಹೊರತಂದ. ಪೂರ್ತಿ ನಾಟಕ ಓದುವ ವ್ಯವಧಾನವಿಲ್ಲದವರಿಗೆ ಷೇಕ್ಸ್‌ಪಿಯರನನ್ನು ಕೈಗೆಟುಕಿಸಿದ ಈ ಸಂಕಲನ ಮುಂದಿನ ನೂರು ವರ್ಷಕ್ಕೂ ಹೆಚ್ಚು ಕಾಲ ಮರುಮುದ್ರಣಗೊಳ್ಳುತ್ತಲೇ ಇತ್ತು. ಜರ್ಮನಿಯ ಮಹಾಕವಿ ಗಯಟೆ ಲೈಪ್ಸಿಗ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಷೇಕ್ಸ್‌ಪಿಯರನ ಪರಿಚಯ ತನಗೆ ಮೊದಲು ಆದದ್ದು ಈ ಪುಸ್ತಕದಿಂದ ಎಂದು ಆತ್ಮಕಥೆಯಲ್ಲಿ ನೆನೆದಿದ್ದಾನೆ. ಒಬ್ಬ ಸಂಕಲನಕಾರನಿಗೆ ಇದಕ್ಕಿಂತ ಹೆಚ್ಚಿನ ಸಾರ್ಥಕತೆ ಬೇಕಿಲ್ಲ.

ವಿಚಿತ್ರವೆಂದರೆ ಆ ಪುಸ್ತಕದ ಮುನ್ನುಡಿಯಲ್ಲಿಯೇ ಡಾಡ್ ಸಾಹಿತ್ಯಕ್ಕೆ ವಿದಾಯ ಹೇಳಿ, ಇನ್ನು ಮುಂದೆ ಇದಕ್ಕಿಂತ ಮುಖ್ಯವಾದ ಕೆಲಸಗಳಿಗೆ ತನ್ನ ಗಮನ ಮೀಸಲು ಎಂದು ಬರೆದಿದ್ದ. ಆ ವಿದಾಯ ಹೆಚ್ಚು ದಿನ ಬಾಳಲಿಲ್ಲ. ಎರಡೇ ವರ್ಷದಲ್ಲಿ ‘ದ ಸಿಸ್ಟರ್ಸ್’ ಎಂಬ ಕಾದಂಬರಿ ಬಂತು, ಅದೂ ಪಾದ್ರಿಯೊಬ್ಬ ಬರೆಯಬಹುದಾದಷ್ಟು ಸಭ್ಯವಾಗಿರಲಿಲ್ಲ. ಆಮೇಲೆ ಗ್ರೀಕ್ ಕವಿ ಕ್ಯಾಲಿಮ್ಯಾಕಸನ ಸ್ತೋತ್ರಗಳ ಅನುವಾದ, ಸಾವಿನ ಕುರಿತ ಚಿಂತನೆಗಳು, ಬೈಬಲ್ಲಿಗೆ ಕಂತು ಕಂತಾಗಿ ಹೊರಬಂದ ಬೃಹತ್ ವ್ಯಾಖ್ಯಾನ, ತರುಣರಿಗೆ ಹೇಳಿದ ಬುದ್ಧಿಮಾತುಗಳ ಮೂರು ಸಂಪುಟ, ಒಂದು ಧಾರ್ಮಿಕ ಮಾಸಪತ್ರಿಕೆಯ ಸಂಪಾದಕತ್ವ. ಬರೆಯುವ ಕೈ ನಿಲ್ಲಲೇ ಇಲ್ಲ. ಪ್ರಕಾಶಕರಿಗೆ ಬೇಕಾದ್ದನ್ನು ಬೇಕಾದ ಹೊತ್ತಿಗೆ ಬರೆದುಕೊಡುವ ಕೈ ಅದಾಗಿತ್ತು.

ಜನರು ಆತನ ಉಪದೇಶ ಕೇಳಲು ಮುಗಿಬೀಳುತ್ತಿದ್ದರಂತೆ. ಏಕೆ?

1758ರಲ್ಲಿ ಲಂಡನ್ನಿನಲ್ಲಿ ಮ್ಯಾಗ್ಡಲೆನ್ ಆಶ್ರಯಧಾಮ ತೆರೆಯಿತು. ಸೂಳೆಗಾರಿಕೆಯನ್ನು ಬಿಟ್ಟು ಬರುವ ಹೆಣ್ಣುಮಕ್ಕಳಿಗೆ ಊಟ, ವಸತಿ, ಕಸುಬು ಕೊಡುವುದು ಅದರ ಉದ್ದೇಶ. ಅದರ ಪ್ರಾರ್ಥನಾಮಂದಿರದಲ್ಲಿ ಡಾಡ್ ಮಾಡುತ್ತಿದ್ದ ಪ್ರಸಂಗಗಳು (ಉಪದೇಶ ಭಾಷಣಕ್ಕೆ ನಮ್ಮ ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ಹೀಗೆಯೇ ಹೇಳುತ್ತಾರೆ) ನೋಡನೋಡುತ್ತಿದ್ದಂತೆ ಲಂಡನ್ನಿನ ಶ್ರೀಮಂತರಿಗೆ ಭಾನುವಾರದ ಆಕರ್ಷಣೆಯಾದವು.

1760ರ ಜನವರಿಯಲ್ಲಿ ರಾಜಕುಮಾರ ಎಡ್ವರ್ಡನ ಪರಿವಾರದೊಂದಿಗೆ ಹೋಗಿದ್ದ ಲೇಖಕ ಹೊರೇಸ್ ವಾಲ್ಪೋಲ್ ಗೆಳೆಯನಿಗೆ ಬರೆದ ಪತ್ರದಲ್ಲಿ ಆ ದೃಶ್ಯ ಹಾಗೆಯೇ ಉಳಿದಿದೆ. ಒರಟು ಬಟ್ಟೆಯ ಉಡುಪು ತೊಟ್ಟು, ನೀಲಿ ರಿಬ್ಬನ್ನಿನ ಚಪ್ಪಟೆ ಹುಲ್ಲಿನ ಟೋಪಿಯನ್ನು ಮುಖದ ಮೇಲೆ ಇಳಿಬಿಟ್ಟುಕೊಂಡು, ನೂರಕ್ಕೂ ಹೆಚ್ಚು ಹೆಂಗಸರು ಸಾಲಾಗಿ ಕುಳಿತಿದ್ದರು. ತರುಣ ಪಾದ್ರಿ ಪೂರ್ತಿ ಫ್ರೆಂಚ್ ಶೈಲಿಯಲ್ಲಿ ಮಾತಾಡಿ, ದಾರಿ ತಪ್ಪಿದ ಕುರಿಗಳೇ ಎಂದು ಅವರನ್ನು ನೇರವಾಗಿ ಸಂಬೋಧಿಸಿದಾಗ ಅವರೆಲ್ಲ ಬಿಕ್ಕಿ ಬಿಕ್ಕಿ ಅತ್ತರು. ನೋಡಲು ಬಂದಿದ್ದ ಕುಲೀನ ಮಹಿಳೆಯರೂ ಅಳತೊಡಗಿದರು. ವಾಲ್ಪೋಲ್ ಸುಲಭಕ್ಕೆ ಕರಗುವ ಮನುಷ್ಯನಲ್ಲ. ಆತನೂ ಆ ಮಾತಿನ ಕಸುವನ್ನು ಒಪ್ಪಿಕೊಂಡಿದ್ದಾನೆ. ಪಶ್ಚಾತ್ತಾಪಪಟ್ಟ ಬಡ ಹೆಣ್ಣುಗಳನ್ನು ಹೀಗೆ ಟೋಪಿಯ ಮರೆಯಲ್ಲಿ ಕೂರಿಸಿ ಪ್ರದರ್ಶಿಸುವುದು ನಮಗೆ ಇಂದು ಮುಜುಗರ ತರುತ್ತದೆ. ಆದರೆ ಆ ಪ್ರದರ್ಶನದಿಂದಲೇ ಆಶ್ರಯಧಾಮಕ್ಕೆ ದೇಣಿಗೆ ಬರುತ್ತಿತ್ತು ಎಂಬುದನ್ನೂ ಮರೆಯುವಂತಿಲ್ಲ.

‘ಮ್ಯಾಕರೋನಿ ಪಾದ್ರಿ’ ಎಂಬ ಅಡ್ಡಹೆಸರು ಹೇಗೆ ಬಂತು?

ಇಟಲಿ ಪ್ರವಾಸ ಮುಗಿಸಿ ಬಂದು, ಅಲ್ಲಿನ ತಿಂಡಿ, ಎತ್ತರದ ವಿಗ್ಗು, ಬಿಗಿಯಾದ ಬಣ್ಣದ ಉಡುಪುಗಳನ್ನು ಮೆರೆಸುತ್ತ ಓಡಾಡುವ ಷೋಕಿಲಾಲರಿಗೆ ಅಂದಿನ ಲಂಡನ್ನಿನಲ್ಲಿ ಮ್ಯಾಕರೋನಿಗಳು ಎನ್ನುತ್ತಿದ್ದರು. ಡಾಡ್ ಪಾದ್ರಿಯ ನಿಲುವಂಗಿಯನ್ನೂ ರೇಷ್ಮೆಯಲ್ಲಿ ಹೊಲಿಸಿ, ಅತ್ತರು ಪೂಸಿಕೊಂಡು, ಬೆರಳಿಗೆ ವಜ್ರದುಂಗುರ ತೊಟ್ಟು ವೇದಿಕೆ ಏರುತ್ತಿದ್ದ ಎಂದು ಸಮಕಾಲೀನರು ಬರೆದಿದ್ದಾರೆ.

1763ರಲ್ಲಿ ಆತ ದೊರೆಯ ಆಸ್ಥಾನ ಪಾದ್ರಿಗಳಲ್ಲಿ ಒಬ್ಬನಾದ. 1766ರಲ್ಲಿ ಕೇಂಬ್ರಿಜ್ ಡಾಕ್ಟರ್ ಪದವಿ ಕೊಟ್ಟಿತು. ಹೆಂಡತಿಗೆ ಲಾಟರಿಯಲ್ಲಿ 1,000 ಪೌಂಡು ಬಂದಾಗ ಆ ಹಣವನ್ನು ಸಾಲ ತೀರಿಸಲು ಬಳಸಲಿಲ್ಲ. ಪಿಮ್ಲಿಕೋದಲ್ಲಿ ರಾಣಿಯ ಹೆಸರಿನ ಷಾರ್ಲೆಟ್ ಚಾಪೆಲ್ ಎಂಬ ಖಾಸಗಿ ಪ್ರಾರ್ಥನಾಮಂದಿರಕ್ಕೆ ಹಾಕಿದ. ಆಸನಗಳ ಬಾಡಿಗೆಯಿಂದ ನಡೆಯುವ ಇಂಥ ಮಂದಿರಗಳು ಅಂದು ಒಂದು ಬಗೆಯ ವ್ಯಾಪಾರವೇ ಆಗಿದ್ದವು. ಶ್ರೀಮಂತರ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಪಾಠ ಹೇಳಿದ, ಹಳ್ಳಿಯಲ್ಲಿ ಇನ್ನೊಂದು ಮನೆ ಮಾಡಿದ, ಸಾರೋಟು ಇಟ್ಟ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಎಲ್ಲರೂ ಬಲ್ಲ ಮಾತು. ಡಾಡ್ ಮಾಡಿದ್ದು ಕಾಲು ಚಾಚಿದ ಮೇಲೆ ಹಾಸಿಗೆಯನ್ನು ಸಾಲ ತರುವ ಕೆಲಸ.

ಹಾಗಾದರೆ ಆತ ಬರೀ ಬೂಟಾಟಿಕೆಯವನೇ?

‘ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ’ ಎಂದು ಗಾದೆ ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಆತನ ಪುರಾಣದಿಂದ ನಾಲ್ಕು ಜನಕ್ಕೆ ಉಪಕಾರವಾದದ್ದೂ ನಿಜ. ಸಣ್ಣಪುಟ್ಟ ಸಾಲ ತೀರಿಸಲಾಗದೆ ಜೈಲಿನಲ್ಲಿ ಕೊಳೆಯುತ್ತಿದ್ದವರನ್ನು ಹಣ ಕಟ್ಟಿ ಬಿಡಿಸುವ ಸಂಘವೊಂದು 1772ರಲ್ಲಿ ಹುಟ್ಟಿದ್ದು ಆತನ ಪ್ರಸಂಗದ ಫಲವಾಗಿ. ನೀರಿನಲ್ಲಿ ಮುಳುಗಿದವರಿಗೆ ಉಸಿರು ಮರಳಿಸುವ ಪ್ರಯತ್ನಕ್ಕೆಂದು 1774ರಲ್ಲಿ ಆರಂಭವಾದ, ಮುಂದೆ ರಾಯಲ್ ಹ್ಯೂಮೇನ್ ಸೊಸೈಟಿ ಎಂದು ಹೆಸರಾದ ಸಂಸ್ಥೆಯ ಮೊದಲ ಬೆಂಬಲಿಗರಲ್ಲಿಯೂ ಆತನಿದ್ದ.

ಎಲ್ಲಕ್ಕಿಂತ ಹೆಚ್ಚಾಗಿ, 1772ರಲ್ಲಿ ಆತ ಮರಣದಂಡನೆಯ ವಿರುದ್ಧ ಒಂದು ಪ್ರಸಂಗ ಪ್ರಕಟಿಸಿದ. ಮಾತುಮಾತಿಗೆ ಗಲ್ಲಿಗೇರಿಸುವುದು ನ್ಯಾಯಕ್ಕೂ ವಿವೇಕಕ್ಕೂ ಧರ್ಮಕ್ಕೂ ಒಪ್ಪುವುದಿಲ್ಲ ಎಂಬುದು ಅದರ ವಾದ. ಐದು ವರ್ಷದ ನಂತರ ಏನಾಗಲಿದೆ ಎಂದು ಬಲ್ಲ ನಮಗೆ ಅದನ್ನು ಓದುವಾಗ ಮೈ ಜುಮ್ಮೆನ್ನುತ್ತದೆ. ನನ್ನ ಅಭಿಪ್ರಾಯದಲ್ಲಿ ಡಾಡ್ ತನ್ನ ಕಣ್ಣೀರನ್ನು ತಾನೇ ನಂಬಿದ್ದ. ಬೂಟಾಟಿಕೆಯವನಿಗೆ ಎರಡು ಮುಖಗಳಿರುವ ಅರಿವಿರುತ್ತದೆ. ಈತನಿಗೆ ಅದು ಇದ್ದಂತಿಲ್ಲ.

1774ರ ಲಂಚದ ಹಗರಣ ಏನು?

ಲಂಡನ್ನಿನ ಹ್ಯಾನೋವರ್ ಚೌಕದ ಸೇಂಟ್ ಜಾರ್ಜ್ ಚರ್ಚಿನ ಪಾದ್ರಿ ಹುದ್ದೆ ತೆರವಾಯಿತು. ಭಾರಿ ಆದಾಯವಿದ್ದ ಆ ಹುದ್ದೆಗೆ ನೇಮಕ ಮಾಡುವ ಅಧಿಕಾರ ಲಾರ್ಡ್ ಛಾನ್ಸಲರನ ಕೈಗೆ ಬಂದಿತ್ತು. ಆತನ ಪತ್ನಿ ಲೇಡಿ ಆಪ್ಸ್ಲಿಗೆ ಒಂದು ಅನಾಮಧೇಯ ಪತ್ರ ತಲುಪಿತು. ಸೂಚಿಸಿದ ವ್ಯಕ್ತಿಗೆ ಹುದ್ದೆ ಸಿಗುವಂತೆ ಮಾಡಿದರೆ 3,000 ಪೌಂಡು ಕೊಡುವುದಾಗಿ ಅದರಲ್ಲಿತ್ತು. ಕಾಗದ ಬಂದ ದಾರಿಯನ್ನು ಹುಡುಕುತ್ತ ಹೋದಾಗ ಅದು ಡಾಡನ ಹೆಂಡತಿಯ ಬಳಿ ಹೋಗಿ ನಿಂತಿತು. ತನಗೇನೂ ಗೊತ್ತಿರಲಿಲ್ಲ ಎಂಬ ಡಾಡನ ಮಾತನ್ನು ಯಾರೂ ನಂಬಲಿಲ್ಲ. ದೊರೆ ಆತನ ಹೆಸರನ್ನು ಆಸ್ಥಾನ ಪಾದ್ರಿಗಳ ಪಟ್ಟಿಯಿಂದ ಹೊಡೆದುಹಾಕಿಸಿದ.

ಹೇಮಾರ್ಕೆಟ್ ರಂಗಮಂದಿರದ ಹಾಸ್ಯ ನಾಟಕಕಾರ ಸ್ಯಾಮ್ಯುಯೆಲ್ ಫೂಟ್ ಅದೇ ವರ್ಷ ತನ್ನ ಹೊಸ ನಾಟಕದಲ್ಲಿ ಈ ದಂಪತಿಗೆ ಸಿಮೊನಿ ಎಂಬ ಹೆಸರಿಟ್ಟು ಊರನ್ನೆಲ್ಲ ನಗಿಸಿದ. ಚರ್ಚಿನ ಹುದ್ದೆಯನ್ನು ಹಣಕ್ಕೆ ಕೊಳ್ಳುವುದಕ್ಕೆ ಸಿಮೊನಿ ಎಂದೇ ಹೆಸರು. ದೇವರ ವರವನ್ನು ದುಡ್ಡು ಕೊಟ್ಟು ಪಡೆಯಲು ನೋಡಿದ ಬೈಬಲ್ಲಿನ ಮಂತ್ರವಾದಿ ಸೀಮೋನನಿಂದ ಬಂದದ್ದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುವ ಸ್ಥಿತಿ ಡಾಡನದಾಯಿತು. ಕೆಲಕಾಲ ಜಿನೀವಾಕ್ಕೆ ಹೋದ. 1776ರ ಬೇಸಿಗೆಯಲ್ಲಿ ಫ್ರಾನ್ಸಿನಲ್ಲಿ ಕುದುರೆ ಜೂಜಿನ ಮೈದಾನದಲ್ಲಿ ಷೋಕಿ ಉಡುಪಿನಲ್ಲಿ ಕಾಣಿಸಿಕೊಂಡ. ಸಾಲಗಾರರು ಮಾತ್ರ ಲಂಡನ್ನಿನಲ್ಲೇ ಕಾದಿದ್ದರು.

ಲಾರ್ಡ್ ಚೆಸ್ಟರ್‌ಫೀಲ್ಡ್ ಎಂದರೆ ಜಾನ್ಸನ್ ಪ್ರಸಿದ್ಧ ಪತ್ರ ಬರೆದನಲ್ಲ, ಆತನೇ?

ಅಲ್ಲ. ನಿಘಂಟಿನ ವಿಷಯದಲ್ಲಿ 1755ರಲ್ಲಿ ಜಾನ್ಸನ್ನನ ಕಟುಪತ್ರಕ್ಕೆ ಗುರಿಯಾದವನು ಆ ಮನೆತನದ ನಾಲ್ಕನೆಯ ಅರ್ಲ್ (ಇಂಗ್ಲೆಂಡಿನ ಕುಲೀನರ ಒಂದು ಪದವಿ). ಆತ 1773ರಲ್ಲಿ ತೀರಿಕೊಂಡ. ಡಾಡನ ಕಥೆಯಲ್ಲಿ ಬರುವವನು ಆತನ ವಾರಸುದಾರ, ಐದನೆಯ ಅರ್ಲ್ ಫಿಲಿಪ್ ಸ್ಟ್ಯಾನ್‌ಹೋಪ್. ಈತ ಹುಡುಗನಾಗಿದ್ದಾಗ ಡಾಡ್ ಆತನಿಗೆ ಮನೆಪಾಠ ಹೇಳಿದ್ದ. ಲಂಚದ ಹಗರಣದ ನಂತರ ಎಲ್ಲರೂ ಕೈಬಿಟ್ಟಾಗ ವಿಂಗ್ ಎಂಬ ಊರಿನ ಚರ್ಚನ್ನು ವಹಿಸಿಕೊಟ್ಟವನೂ ಈ ಶಿಷ್ಯನೇ. ಕೊನೆಗೆ ಡಾಡ್ ಖೋಟಾ ಮಾಡಿದ್ದು ಅದೇ ಶಿಷ್ಯನ ಸಹಿಯನ್ನು.

ಅಪರಾಧ ನಡೆದದ್ದು ಹೇಗೆ? ಸಿಕ್ಕಿಬಿದ್ದದ್ದು ಹೇಗೆ?

1777ರ ಫೆಬ್ರವರಿ ಮೊದಲ ವಾರದಲ್ಲಿ ಡಾಡ್ ಲೂಯಿಸ್ ರಾಬರ್ಟ್‌ಸನ್ ಎಂಬ ದಲ್ಲಾಳಿಯನ್ನು ಕಂಡ. ಈಗಷ್ಟೇ ವಯಸ್ಕನಾದ ಒಬ್ಬ ಕುಲೀನ ತರುಣನಿಗೆ ಗುಟ್ಟಾಗಿ ಹಣ ಬೇಕಾಗಿದೆ ಎಂದ. ಅಂಥ ತರುಣರು ಆಸ್ತಿಯ ಮೇಲೆ ಗುಟ್ಟಾಗಿ ಸಾಲ ಎತ್ತುವುದು ಅಂದು ಮಾಮೂಲಿ ಸಂಗತಿ. ವ್ಯವಹಾರವನ್ನು ವರ್ಷಾಶನದ ರೂಪದಲ್ಲಿ ಕುದುರಿಸಲಾಯಿತು: ಈಗ 4,200 ಪೌಂಡು ಕೈಗೆ, ಪ್ರತಿಯಾಗಿ ವರ್ಷಕ್ಕೆ 700 ಪೌಂಡು. ಫ್ಲೆಚರ್ ಮತ್ತು ಪೀಚ್ ಎಂಬ ಇಬ್ಬರು ಹಣ ಕೊಡಲು ಮುಂದಾದರು. ಕುಲೀನನು ಯಾರ ಎದುರೂ ಸಹಿ ಹಾಕಲಾರನೆಂದು ಹೇಳಿ ಬಾಂಡ್ ಪತ್ರವನ್ನು ತೆಗೆದುಕೊಂಡು ಹೋದ ಡಾಡ್, ‘ಚೆಸ್ಟರ್‌ಫೀಲ್ಡ್’ ಎಂಬ ಸಹಿಯೊಂದಿಗೆ ಮರಳಿ ತಂದ. ತಾನು ಸಾಕ್ಷಿ ಹಾಕಿದ್ದ. ಎರಡನೆಯ ಸಾಕ್ಷಿ ಬೇಕಾದಾಗ, ಸಹಿ ಹಾಕಿದ್ದನ್ನು ಕಣ್ಣಾರೆ ಕಾಣದ ದಲ್ಲಾಳಿಯೂ ಪಾದ್ರಿಯ ಮಾತಿನ ಮೇಲೆ ಸಾಕ್ಷಿ ಹಾಕಿದ.

ಹಣ ಸಂದಾಯವಾಯಿತು. ಪತ್ರ ಸಾಲ ಕೊಟ್ಟವರ ವಕೀಲ ಮ್ಯಾನ್ಲಿಯ ಕೈಗೆ ಹೋಯಿತು. ಆತನ ಕಣ್ಣಿಗೆ ಬಿದ್ದದ್ದು ಸಹಿಯಲ್ಲ, ಒಂದು ಮಸಿಯ ಚುಕ್ಕೆ. ‘ಏಳು ನೂರು’ ಎಂದು ಬರೆದ ಕಡೆ ‘ಸೆವೆನ್’ ಎಂಬ ಪದದ ಒಂದು ಅಕ್ಷರದ ಮೇಲೆ ಮಸಿ ಚೆಲ್ಲಿದಂತಿತ್ತು. ಸುತ್ತ ಪೆನ್ನಿನ ಗೀರುಗಳು ಕಂಡವು. ಅದು ಮೋಸದ ಗುರುತೇನಲ್ಲ. ಆದರೆ ಅಚ್ಚುಕಟ್ಟಿನ ಮನುಷ್ಯನಾದ ಮ್ಯಾನ್ಲಿಗೆ ಮುಂದೆ ತಕರಾರಿಗೆ ಎಡೆ ಕೊಡುವ ಪತ್ರ ಬೇಡವಾಗಿತ್ತು. ಶುದ್ಧಪ್ರತಿಯೊಂದನ್ನು ಬರೆಯಿಸಿ, ಹೊಸದಾಗಿ ಸಹಿ ಹಾಕಿಸಿಕೊಳ್ಳಲು ನೇರವಾಗಿ ಚೆಸ್ಟರ್‌ಫೀಲ್ಡನ ಮನೆಗೇ ಹೋದ. ಅರ್ಲ್ ಹಳೆಯ ಪತ್ರವನ್ನು ನೋಡಿ, ಇದು ತನ್ನ ಸಹಿಯಲ್ಲವೆಂದ. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಗಳಲ್ಲಿ ತಿದ್ದಿದ ಪ್ರತಿ ಪದಕ್ಕೂ ಷರಾ ಬರೆಸಿ ಸಹಿ ಹಾಕಿಸುವುದನ್ನು ಕಂಡು ಬೇಸರಪಡುವವರು ಈ ಚುಕ್ಕೆಯನ್ನು ನೆನೆಯಬಹುದು.

ಮೊದಲು ರಾಬರ್ಟ್‌ಸನ್‌ನನ್ನು ಹಿಡಿದರು. ನಂತರ ಮನೆಗೆ ಬಂದವರ ಮುಂದೆ ಡಾಡ್ ಕ್ಷಣಕಾಲ ಮಾತು ಹೊರಡದೆ ನಿಂತು, ಬಳಿಕ ಎಲ್ಲವನ್ನೂ ಒಪ್ಪಿಕೊಂಡ. 3,000 ಪೌಂಡನ್ನು ಕೂಡಲೇ ಹಿಂದಿರುಗಿಸಿದ. ಉಳಿದದ್ದಕ್ಕೆ ಬ್ಯಾಂಕಿನ ಮೇಲೆ ಚೀಟಿ ಬರೆದುಕೊಟ್ಟ, ಮನೆಯ ಸಾಮಾನುಗಳ ಮೇಲೆ ಹಕ್ಕು ಕೊಟ್ಟ. ಕೆಲವೇ ತಿಂಗಳಲ್ಲಿ ಸದ್ದಿಲ್ಲದೆ ತೀರಿಸಿಬಿಡುವ ಉದ್ದೇಶವಿತ್ತು, ತುರ್ತಾಗಿ ಒಂದಿಷ್ಟು ಬಾಕಿ ಕಟ್ಟಬೇಕಾಗಿತ್ತು ಎಂದು ಅಂಗಲಾಚಿದ.

ಹಣ ಹಿಂದಿರುಗಿಸಿದ ಮೇಲೂ ಗಲ್ಲು ಏಕೆ?

ಕಾನೂನಿಗೆ ಬೇಕಾದದ್ದು ನಷ್ಟದ ಲೆಕ್ಕವಲ್ಲ, ಖೋಟಾ ದಸ್ತಾವೇಜು. ಎರಡನೆಯ ಜಾರ್ಜ್ ದೊರೆಯ ಕಾಲದಲ್ಲಿ, ಡಾಡ್ ಹುಟ್ಟಿದ 1729ರಲ್ಲೇ ಜಾರಿಗೆ ಬಂದ ಕಾಯಿದೆ ಬಾಂಡ್, ಉಯಿಲು, ಹುಂಡಿ ಮುಂತಾದವನ್ನು ಖೋಟಾ ಮಾಡುವುದಕ್ಕೆ ಮರಣದಂಡನೆ ವಿಧಿಸಿತ್ತು. ಚಿನ್ನ, ಬೆಳ್ಳಿಗಿಂತ ಹೆಚ್ಚಾಗಿ ಕಾಗದದ ಮೇಲೆ ನಡೆಯತೊಡಗಿದ್ದ ವ್ಯಾಪಾರಿ ದೇಶಕ್ಕೆ ಸಹಿಯ ಮೇಲಿನ ನಂಬಿಕೆಯೇ ಬಂಡವಾಳ. ಆದ್ದರಿಂದ ಕೊಲೆಗಾರನಿಗೂ ಒಮ್ಮೊಮ್ಮೆ ಸಿಗುವ ದೊರೆಯ ಕ್ಷಮೆ ಖೋಟಾ ಸಹಿ ಮಾಡಿದವನಿಗೆ ಸಿಗುವುದು ಅಪರೂಪವಾಗಿತ್ತು.

ಇದೇ ಕಾಯಿದೆ ಭಾರತಕ್ಕೂ ಬಂದಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಡಾಡನಿಗಿಂತ ಎರಡು ವರ್ಷ ಮೊದಲು, 1775ರ ಆಗಸ್ಟ್ 5ರಂದು, ಕಲ್ಕತ್ತೆಯಲ್ಲಿ ಮಹಾರಾಜ ನಂದಕುಮಾರನನ್ನು ಗಲ್ಲಿಗೇರಿಸಿದ್ದೂ ಒಂದು ಬಾಂಡನ್ನು ಖೋಟಾ ಮಾಡಿದ ಆರೋಪದ ಮೇಲೆ, ಇದೇ ಕಾಯಿದೆಯಡಿ. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ಮೇಲೆ ಲಂಚದ ಆರೋಪ ಹೊರಿಸಿದ ಬೆನ್ನಿಗೇ ಆತನ ಮೇಲೆ ಆ ಮೊಕದ್ದಮೆ ಎದ್ದಿತ್ತು. ಖೋಟಾ ಪತ್ರಕ್ಕೆ ಪ್ರಾಣ ತೆಗೆಯುವ ರೂಢಿಯೇ ಇಲ್ಲದ ನಾಡಿಗೆ ಲಂಡನ್ನಿನ ಕಾಯಿದೆ ಅನ್ವಯಿಸುತ್ತದೆಯೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಶಾಲೆಯ ಇತಿಹಾಸ ಪುಸ್ತಕದಲ್ಲಿ ನಂದಕುಮಾರನ ಕಥೆ ಓದಿದ ನಾವು ಅದನ್ನು ಕಂಪನಿಯ ದಬ್ಬಾಳಿಕೆಯ ಉದಾಹರಣೆಯಾಗಿ ಮಾತ್ರ ನೋಡುತ್ತೇವೆ. ಅದೇ ಹಗ್ಗ ಲಂಡನ್ನಿನ ದೊರೆಯ ಪಾದ್ರಿಯಾಗಿದ್ದವನ ಕೊರಳಿಗೂ ಬಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಕಾಯಿದೆಯ ಸ್ವಭಾವ ಇನ್ನಷ್ಟು ಸ್ಪಷ್ಟವಾಗುತ್ತದೆ.

ಪಾದ್ರಿಗಳಿಗೆ ಕಾನೂನಿನಲ್ಲಿ ವಿನಾಯಿತಿ ಇರಲಿಲ್ಲವೇ?

ಮಧ್ಯಯುಗದಿಂದ ಬಂದ ಅಂಥದೊಂದು ವಿನಾಯಿತಿ ಹೆಸರಿಗೆ 1827ರವರೆಗೂ ಇತ್ತು, ಮತ್ತು ಕಾಲಾಂತರದಲ್ಲಿ ಪಾದ್ರಿಗಳಲ್ಲದವರಿಗೂ ಮೊದಲ ಅಪರಾಧಕ್ಕೆ ಸಿಗುತ್ತಿತ್ತು. ಆದರೆ ಗಂಭೀರ ಅಪರಾಧಗಳನ್ನು ಒಂದೊಂದಾಗಿ ಅದರಿಂದ ಹೊರಗಿಡಲಾಗಿತ್ತು, ಖೋಟಾ ದಸ್ತಾವೇಜೂ ಅವುಗಳಲ್ಲಿ ಒಂದು.

ಫೆಬ್ರವರಿಯಲ್ಲಿ ತೀರ್ಪು, ಜೂನ್‌ನಲ್ಲಿ ಗಲ್ಲು. ನಡುವೆ ನಾಲ್ಕು ತಿಂಗಳು ಏನಾಯಿತು?

ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಫೆಬ್ರವರಿ 22ರಂದು ವಿಚಾರಣೆ ನಡೆದು ಅದೇ ದಿನ ಜ್ಯೂರಿಗಳು ತಪ್ಪಿತಸ್ಥನೆಂದರು. ಜೊತೆಗೆ ದಯೆ ತೋರಬೇಕೆಂದು ಶಿಫಾರಸು ಮಾಡಿದರು. ಆದರೆ ದಲ್ಲಾಳಿ ರಾಬರ್ಟ್‌ಸನ್‌ನ ಸಾಕ್ಷ್ಯವನ್ನು ಪಡೆದ ಕ್ರಮ ಸರಿಯೇ ಎಂಬ ಕಾನೂನಿನ ಪ್ರಶ್ನೆ ಎದ್ದು, ಅದು ಹನ್ನೆರಡು ಮಂದಿ ನ್ಯಾಯಾಧೀಶರ ಮುಂದೆ ಹೋಯಿತು. ಅವರು ಮೇ ತಿಂಗಳಲ್ಲಿ ಡಾಡನ ವಿರುದ್ಧ ಅಭಿಪ್ರಾಯ ಕೊಟ್ಟ ಮೇಲೆ ಮರಣದಂಡನೆಯನ್ನು ಘೋಷಿಸಲಾಯಿತು.

ಸಾವಿರಾರು ಜನ ಸಹಿ ಹಾಕಿದ ಅರ್ಜಿಯನ್ನೂ ದೊರೆ ಏಕೆ ತಳ್ಳಿಹಾಕಿದ?

ಸುಮಾರು 23,000 ಜನರ ಸಹಿಯಿದ್ದ ಮನವಿ ದೊರೆಗೆ ಹೋಯಿತು. ಲಂಡನ್ ನಗರಸಭೆಯೂ ಪ್ರತ್ಯೇಕವಾಗಿ ಅರ್ಜಿ ಕೊಟ್ಟಿತು. ಒಂದು ಸಹಿಯಿಂದ ಕೆಟ್ಟವನನ್ನು ಉಳಿಸಲು ಇಷ್ಟೊಂದು ಸಹಿಗಳು ಕೂಡಿದವು.

ಅಡ್ಡಬಂದದ್ದು ಹಿಂದಿನ ವರ್ಷದ ಒಂದು ಪ್ರಕರಣ. ರಾಬರ್ಟ್ ಮತ್ತು ಡೇನಿಯಲ್ ಪೆರೋ ಎಂಬ ಅವಳಿ ಸಹೋದರರನ್ನು ಬಾಂಡ್ ಖೋಟಾ ಮಾಡಿದ್ದಕ್ಕಾಗಿ 1776ರ ಜನವರಿಯಲ್ಲಿ ಗಲ್ಲಿಗೇರಿಸಲಾಗಿತ್ತು. ಅವರು ತಾವು ನಿರಪರಾಧಿಗಳೆಂದು ಕೊನೆಯವರೆಗೂ ಹೇಳಿದ್ದರು, ನಂಬಿದವರೂ ಬಹಳ ಮಂದಿ ಇದ್ದರು. ಈಗ ಡಾಡನನ್ನು ಬಿಟ್ಟರೆ ಪೆರೋ ಸಹೋದರರನ್ನು ಕೊಂದಂತಾಗುತ್ತದೆ ಎಂಬ ಮಾತು ದೊರೆಯ ಸಲಹೆಗಾರರ ವಲಯದಲ್ಲಿ ಕೇಳಿಬಂತು. ಮುಖ್ಯ ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡ್ ಸಡಿಲಿಕೆಗೆ ಒಪ್ಪುವವನಾಗಿರಲಿಲ್ಲ. ದೊಡ್ಡವರ ಒಡನಾಟವಿದ್ದವನಿಗೆ ಒಂದು ನ್ಯಾಯ, ಇಲ್ಲದವರಿಗೆ ಇನ್ನೊಂದು ಎಂದಾಗಬಾರದೆಂಬ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಆ ಸಮಾನತೆಯನ್ನು ಎಲ್ಲರನ್ನೂ ಉಳಿಸಿಯೂ ಸಾಧಿಸಬಹುದಿತ್ತೆಂಬ ಯೋಚನೆ ಆಳುವವರಿಗೆ ಬರಲಿಲ್ಲ.

ಜಾನ್ಸನ್ನನಿಗೂ ಡಾಡನಿಗೂ ಏನು ಸಂಬಂಧ?

ಹಳೆಯ ಸ್ನೇಹವೇನೂ ಇರಲಿಲ್ಲ. ಬಹಳ ಹಿಂದೆ ಒಮ್ಮೆ ಭೇಟಿಯಾಗಿದ್ದರು, ಅಷ್ಟೆ. ಜೈಲಿನಲ್ಲಿದ್ದ ಡಾಡನ ಪರವಾಗಿ ಹ್ಯಾರಿಂಗ್ಟನ್ ಕೌಂಟೆಸ್ ಬರೆದ ಪತ್ರವನ್ನು, ಜಾನ್ಸನ್ನನ ನೆರೆಮನೆಯ ಮುದ್ರಕ ಎಡ್ಮಂಡ್ ಆಲನ್ ತಂದುಕೊಟ್ಟ. ಓದಿ ಕಳವಳಗೊಂಡ ಜಾನ್ಸನ್ ಕೋಣೆಯಲ್ಲಿ ಶತಪಥ ತಿರುಗಿ, ಕೈಲಾದದ್ದು ಮಾಡುತ್ತೇನೆ ಎಂದ. ಆಮೇಲೆ ಮಾಡಿದ್ದು ಸ್ವಲ್ಪವಲ್ಲ. ಶಿಕ್ಷೆ ಘೋಷಿಸುವ ಮುನ್ನ ಡಾಡ್ ನ್ಯಾಯಾಲಯದಲ್ಲಿ ಆಡಿದ ಮಾತು, ಅಧಿಕಾರಸ್ಥರಿಗೆ ಬರೆದ ಪತ್ರಗಳು, ರಾಣಿಗೆ ಡಾಡನ ಹೆಂಡತಿ ಸಲ್ಲಿಸಿದ ಮನವಿ, ಎಲ್ಲದರ ಹಿಂದೆ ಇದ್ದದ್ದು ಜಾನ್ಸನ್ನನ ಲೇಖನಿ. ಜೂನ್ 6ರಂದು ನ್ಯೂಗೇಟ್ ಜೈಲಿನ ಪ್ರಾರ್ಥನಾಮಂದಿರದಲ್ಲಿ ಡಾಡ್ ತನ್ನ ಸಹಕೈದಿಗಳಿಗೆ ಮಾಡಿದ ಪ್ರಸಂಗವನ್ನೂ ಬಹುಪಾಲು ಬರೆದುಕೊಟ್ಟವನು ಜಾನ್ಸನ್ನನೇ. ಅದಕ್ಕೆ ಆಯ್ದ ವಚನ ಅಪೊಸ್ತಲರ ಕೃತ್ಯಗಳಲ್ಲಿ ಸೆರೆಮನೆಯ ಯಜಮಾನ ಪೌಲ, ಸೀಲರಿಗೆ ಹಾಕುವ ಪ್ರಶ್ನೆ: ರಕ್ಷಣೆ ಹೊಂದಲು ನಾನೇನು ಮಾಡಬೇಕು?

ಜೂನ್ 22ರ ಭಾನುವಾರ ಡಾಡನ ಇನ್ನೊಂದು ಪತ್ರ ಜಾನ್ಸನ್ನನ ಕೈಸೇರಿದ್ದು ಆತ ಚರ್ಚಿನಲ್ಲಿ ಪ್ರಾರ್ಥನೆಗೆ ಕುಳಿತಿದ್ದಾಗ. ಅಲ್ಲೇ ತಲೆತಗ್ಗಿಸಿ ಓದಿಕೊಂಡು, ಮನೆಗೆ ಬಂದು ಡಾಡನ ಪರವಾಗಿ ದೊರೆಗೆ ಒಂದು ಪತ್ರ ಬರೆದ: ಬಹಿರಂಗ ಮರಣದ ಅವಮಾನದಿಂದ ಪಾರುಮಾಡಿ ದೂರದೇಶದಲ್ಲಿ ಅಜ್ಞಾತವಾಗಿ ಸಾಯಲು ಬಿಡಿ ಎಂಬುದು ಅದರ ಸಾರ. ಜೊತೆಗೆ ಡಾಡನಿಗೆ ಖಡಕ್ಕಾಗಿ ತಿಳಿಸಿದ: ಇದನ್ನು ನಾನು ಬರೆದೆನೆಂದು ಯಾರಿಗೂ ಗೊತ್ತಾಗಬಾರದು, ಪ್ರತಿಯನ್ನು ಹಿಂದಿರುಗಿಸು, ಆಸೆ ಇಟ್ಟುಕೊಳ್ಳಬೇಡ. ಗಲ್ಲಿನ ಹಿಂದಿನ ದಿನ ಬರೆದ ಕೊನೆಯ ಪತ್ರದಲ್ಲಿ, ನೈತಿಕವಾಗಿ ನೋಡಿದರೆ ನಿನ್ನ ತಪ್ಪು ಕಡುಬಣ್ಣದ್ದಲ್ಲ, ಅದು ಯಾರ ಶೀಲವನ್ನೂ ಕೆಡಿಸಲಿಲ್ಲ, ಯಾರ ಪ್ರಾಣಕ್ಕೂ ಎರವಾಗಲಿಲ್ಲ ಎಂದು ಸಮಾಧಾನ ಹೇಳಿದ. ಆದರೆ ಜೈಲಿಗೆ ಹೋಗಿ ಮುಖ ನೋಡಲಿಲ್ಲ.

ಆ ಪ್ರಸಿದ್ಧ ಮಾತು ಯಾವುದು? ಅದರ ಸಂದರ್ಭವೇನು?

ಜೈಲಿನ ಆ ಪ್ರಸಂಗ ಅಚ್ಚಾದಾಗ ಓದಿದವರು ಬೆರಗಾದರು. ಡಾಡನ ಇತರ ಬರಹಗಳಿಗಿಂತ ಅದು ಎಷ್ಟೋ ಗಟ್ಟಿಯಾಗಿತ್ತು. ಇದು ಆತನದಿರಲಾರದು ಎಂದು ಸೀವರ್ಡ್ ಎಂಬ ಪರಿಚಿತ ಜಾನ್ಸನ್ನನ ಮುಂದೆಯೇ ಸಂದೇಹಪಟ್ಟ. ಗುಟ್ಟು ಕಾಪಾಡುವ ಮಾತಿಗೆ ಕಟ್ಟುಬಿದ್ದಿದ್ದ ಜಾನ್ಸನ್ ಆಗ ಕೊಟ್ಟ ಉತ್ತರವನ್ನು 1777ರ ಸೆಪ್ಟೆಂಬರಿನಲ್ಲಿ ಆತನ ಜೀವನಚರಿತ್ರೆಕಾರ ಬಾಸ್ವೆಲ್ ದಾಖಲಿಸಿಕೊಂಡ: ಇನ್ನು ಹದಿನೈದು ದಿನಕ್ಕೆ ತನ್ನನ್ನು ಗಲ್ಲಿಗೇರಿಸುತ್ತಾರೆಂದು ಗೊತ್ತಾದರೆ ಮನುಷ್ಯನ ಮನಸ್ಸು ಅದ್ಭುತವಾಗಿ ಏಕಾಗ್ರವಾಗುತ್ತದೆ.

ಈಗ ಇದನ್ನು ಪರೀಕ್ಷೆಯ ಗಡುವಿಗೂ ಕಚೇರಿಯ ಗಡುವಿಗೂ ಅನ್ವಯಿಸಿ ನಗುತ್ತಾರೆ. ಮೂಲದಲ್ಲಿ ಅದು ಜಾಣತನದ ಮರೆಮಾಚುವಿಕೆ. ಜಾನ್ಸನ್ ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಡಾಡನ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇದೇ: ಇನ್ನೊಬ್ಬನ ಹೆಸರನ್ನು ತಾನು ಬರೆದದ್ದಕ್ಕಾಗಿ ಸಾಯಲಿದ್ದವನ ಹೆಸರಿನಲ್ಲಿ, ಆತನ ಬದುಕಿನ ಅತ್ಯುತ್ತಮ ಪ್ರಸಂಗವನ್ನು ಇನ್ನೊಬ್ಬ ಬರೆದುಕೊಟ್ಟ. ಒಂದು ಖೋಟಾ, ಇನ್ನೊಂದು ಕರುಣೆ. ಎರಡರಲ್ಲೂ ಕಾಗದದ ಮೇಲಿನ ಹೆಸರು ಬರೆದ ಕೈಯದಲ್ಲ.

ಜೈಲಿನಲ್ಲಿ ಆತ ಸ್ವತಃ ಏನೂ ಬರೆಯಲಿಲ್ಲವೇ?

ಬರೆದ. ವಿಚಾರಣೆಯ ಮರುದಿನವೇ ಆರಂಭಿಸಿ, ಸರಳ ರಗಳೆಯನ್ನು ಹೋಲುವ ಪ್ರಾಸವಿಲ್ಲದ ಛಂದಸ್ಸಿನಲ್ಲಿ ‘ಥಾಟ್ಸ್ ಇನ್ ಪ್ರಿಸನ್’ ಎಂಬ ಐದು ಭಾಗಗಳ ದೀರ್ಘ ಕವನ ರಚಿಸಿದ. ಸೆರೆವಾಸ, ಗತಜೀವನ, ಬಹಿರಂಗ ಶಿಕ್ಷೆ, ವಿಚಾರಣೆ, ಪರಲೋಕ ಇವು ಅದರ ವಸ್ತುಗಳು. ಕವನವಾಗಿ ಅದು ಬಹಳ ಕಡೆ ಮಾತಿನ ಹೊಳೆ. ಹೆಂಡತಿಯನ್ನು ನೆನೆಯುವ ಭಾಗಗಳು ಮಾತ್ರ ಓದಿಸಿಕೊಳ್ಳುತ್ತವೆ. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ ಜೈಲಿಗೆ ಬಂದು ಡಾಡನನ್ನು ಕಂಡು ಮಾತಾಡಿದ್ದೂ ಉಂಟು. ಹಿಂದೊಮ್ಮೆ ಡಾಡ್ ಬರಹದಲ್ಲಿ ಟೀಕಿಸಿದ್ದ ಅದೇ ವೆಸ್ಲಿ.

ಗಲ್ಲಿಗೇರಿದ ದಿನ ಏನಾಯಿತು?

ಸಾಮಾನ್ಯ ಕೈದಿಗಳನ್ನು ತೆರೆದ ಗಾಡಿಯಲ್ಲಿ ಕರೆದೊಯ್ಯುತ್ತಿದ್ದರು. ಡಾಡನಿಗೆ ಶೋಕದ ಕಪ್ಪು ಸಾರೋಟಿನಲ್ಲಿ ಹೋಗಲು ಅವಕಾಶ ಸಿಕ್ಕಿತು. ದಾರಿಯುದ್ದಕ್ಕೂ ಜನಸಾಗರ. ನೋಡಲು ಹೋಗಿದ್ದ ಆಂತೊನಿ ಸ್ಟೋರರ್ ಗೆಳೆಯನಿಗೆ ಬರೆದ ಪತ್ರದಂತೆ, ಡಾಡ್ ಹತಾಶೆಯಿಂದ ಮರಗಟ್ಟಿದವನಂತಿದ್ದ, ಟೋಪಿ ಕಣ್ಣಿನ ಮೇಲಕ್ಕೆ ಇಳಿದಿತ್ತು. ಜೋರಾಗಿ ಮಳೆ ಸುರಿದಾಗ ಯಾರೋ ಆತನ ತಲೆಗೆ ಕೊಡೆ ಹಿಡಿದರು. ಒಣಗಿಸುವಂಥ ಜಾಗಕ್ಕೇ ಹೋಗುತ್ತಿರುವವನಿಗೆ ಕೊಡೆ ಏಕೆ ಎಂದು ಗುಂಪಿನಲ್ಲಿದ್ದ ಒಬ್ಬ ಕುಲೀನ ಕುಹಕವಾಡಿದ. ಮ್ಯಾಗ್ಡಲೆನ್ ಮಂದಿರದಲ್ಲಿ ಅಳಲು ಬರುತ್ತಿದ್ದದ್ದು ಇಂಥ ಕುಲೀನರ ವಲಯವೇ.

ಅದೇ ಹೊತ್ತಿಗೆ ಜೋಸೆಫ್ ಹ್ಯಾರಿಸ್ ಎಂಬ ಹದಿಹರೆಯದ ಹುಡುಗನನ್ನೂ ಗಲ್ಲಿಗೇರಿಸಿದರು. ಪ್ರಯಾಣಿಕರ ಕುದುರೆಗಾಡಿಯನ್ನು ತಡೆದು ಚಿಲ್ಲರೆ ಹಣ ದೋಚಿದ್ದು ಆತನ ಅಪರಾಧ. ಆತನಿಗಾಗಿ 23,000 ಸಹಿಗಳಿರಲಿಲ್ಲ.

ಆತ ಸಾಯಲೇ ಇಲ್ಲ ಎಂಬ ಕಥೆ ನಿಜವೇ?

ಅಲ್ಲ, ಆದರೆ ಕಥೆಗೆ ಒಂದು ಬೇರು ಇದೆ. ದೇಹವನ್ನು ಗುಡ್ಜ್ ಬೀದಿಯ ಶವಸಂಸ್ಕಾರದವನ ಮನೆಗೆ ಸಾಗಿಸಿ, ಬಿಸಿನೀರಿನ ತೊಟ್ಟಿ ಸಿದ್ಧಮಾಡಿಕೊಂಡು, ಹೆಸರಾಂತ ಶಸ್ತ್ರವೈದ್ಯ ಜಾನ್ ಹಂಟರ್ ಉಸಿರು ಮರಳಿಸಲು ಯತ್ನಿಸಿದನೆಂದು ವರದಿಗಳಿವೆ. ಜನಜಂಗುಳಿಯಲ್ಲಿ ಬಂಡಿ ಮುಂದೆ ಸಾಗದೆ ಹೊತ್ತು ಮೀರಿತ್ತು. ಮುಳುಗಿದವರನ್ನು ಬದುಕಿಸುವ ಸಂಸ್ಥೆಗೆ ಡಾಡ್ ನೀಡಿದ್ದ ಬೆಂಬಲ ಇಲ್ಲಿ ನೆನಪಾಗದಿರದು. ಫ್ರಾನ್ಸಿನಲ್ಲಿ ಆತ ಗುಟ್ಟಾಗಿ ಬದುಕಿದ್ದಾನೆಂಬ ವದಂತಿ ಆಮೇಲೆ ಕೆಲವು ಕಾಲ ಹಬ್ಬಿತ್ತು. ಆತನ ಸಮಾಧಿ ಇರುವುದು ಲಂಡನ್ನಿನ ಪಶ್ಚಿಮಕ್ಕಿರುವ ಕೌಲಿಯಲ್ಲಿ. ಅಲ್ಲಿನ ಚರ್ಚಿನ ಪಾದ್ರಿ ಆತನ ತಮ್ಮ ರಿಚರ್ಡ್.

ಟೈಬರ್ನಿನಲ್ಲಿ ಖೋಟಾ ಅಪರಾಧಕ್ಕೆ ಗಲ್ಲಿಗೇರಿದ ಕೊನೆಯವನು ಡಾಡ್ ಎನ್ನುತ್ತಾರಲ್ಲ?

ತಪ್ಪು. ಪ್ರಸಿದ್ಧ ಚಿತ್ರಕೆತ್ತನೆಗಾರ ವಿಲಿಯಂ ರೈಲ್ಯಾಂಡ್‌ನನ್ನು ಅದೇ ಬಗೆಯ ಅಪರಾಧಕ್ಕಾಗಿ 1783ರ ಆಗಸ್ಟಿನಲ್ಲಿ ಅಲ್ಲಿಯೇ ಗಲ್ಲಿಗೇರಿಸಲಾಯಿತು.

ಡಾಡನ ಸಾವಿನಿಂದ ಕಾನೂನು ಬದಲಾಯಿತೇ?

ಕೂಡಲೇ ಇಲ್ಲ. ಇನ್ನೂ ಐವತ್ತು ವರ್ಷ ಖೋಟಾ ಸಹಿಗೆ ಗಲ್ಲು ನಡೆದೇ ಇತ್ತು. ಕೊನೆಗೆ ಬದಲಾವಣೆ ಕೇಳಿದವರಲ್ಲಿ ಯಾರ ರಕ್ಷಣೆಗೆಂದು ಈ ಕಾಯಿದೆ ಇತ್ತೋ ಆ ಬ್ಯಾಂಕುದಾರರೇ ಇದ್ದರು. ಶಿಕ್ಷೆ ಅತಿಯಾದ್ದರಿಂದ ಜ್ಯೂರಿಗಳು ತಪ್ಪಿತಸ್ಥರನ್ನೂ ಬಿಟ್ಟುಕಳಿಸುತ್ತಾರೆ, ನಮಗೆ ರಕ್ಷಣೆಯೇ ಇಲ್ಲದಂತಾಗಿದೆ ಎಂದು ಅವರು 1830ರಲ್ಲಿ ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟರು. 1832ರಲ್ಲಿ ಬಹುಪಾಲು ಖೋಟಾ ಅಪರಾಧಗಳಿಗೆ, 1837ರಲ್ಲಿ ಉಳಿದವಕ್ಕೂ ಮರಣದಂಡನೆ ರದ್ದಾಯಿತು.

ಮೇರಿ ಡಾಡ್ ಏನಾದಳು?

ಮ್ಯಾಗ್ಡಲೆನ್ ಮಂದಿರದ ಮುಂಚಿನ ಬಡತನದಿಂದ ನ್ಯೂಗೇಟ್ ಜೈಲಿನವರೆಗೂ ಗಂಡನ ಜೊತೆಗಿದ್ದವಳು ಆಕೆ. ಮಕ್ಕಳಿರಲಿಲ್ಲ. ಎಸೆಕ್ಸ್‌ನ ಇಲ್‌ಫರ್ಡ್‌ನಲ್ಲಿ, ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಸ್ಥಿತಿಯಲ್ಲಿ, 1784ರಲ್ಲಿ ತೀರಿಕೊಂಡಳು. ಆ ಹೊತ್ತಿಗೂ ಪುಸ್ತಕದಂಗಡಿಗಳಲ್ಲಿ ಆಕೆಯ ಗಂಡ ಆರಿಸಿಕೊಟ್ಟ ಷೇಕ್ಸ್‌ಪಿಯರ್ ಮಾರಾಟವಾಗುತ್ತಿತ್ತು.